ಅರಮನೆಯಲ್ಲಿ ಅವಸರ ಯಾಕೆ?

ಹಾಸನದಿಂದ ನೆಂಟರ ಜೊತೆ ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗುವುದೆಂದರೆ ನನಗೆ ತಲೆನೋವು. 1861ರಲ್ಲಿ ಕಟ್ಟಿದ್ದು. 1897ರಲ್ಲಿ ಹಳೇ ಮರದ ಅರಮನೆ ಸುಟ್ಟುಹೋದಾಗ ರಾಜಮನೆತನ ಇಲ್ಲೇ ಇತ್ತು. 1915ರಲ್ಲಿ ಇದೇ ಚಿತ್ರಶಾಲೆ ಆಯಿತು. ಇಷ್ಟು ಹೇಳುವಷ್ಟರಲ್ಲಿ ಭಾವ ಹೊರಗೆ ಚುರುಮುರಿ ಹುಡುಕುತ್ತಿರುತ್ತಾರೆ.

ಹಳದಂಕರ್ ಬರೆದ ದೀಪದ ಹೆಂಗಸಿನ ಚಿತ್ರವಿದೆಯಲ್ಲ, ಕೈ ಅಡ್ಡ ಹಿಡಿದಿದ್ದಾಳೆ, ಬೆರಳ ಸಂದಿಯೆಲ್ಲ ಕೆಂಪಗೆ ಹೊಳೆಯುತ್ತದೆ. ಜಲವರ್ಣದಲ್ಲಿ ಅಂಥ ಬೆಳಕು! ಸುಮ್ನೆ ಎರಡು ನಿಮಿಷ ನಿಲ್ಲೋಣ ಅಂದರೆ ಹಿಂದಿನಿಂದ ಅತ್ತೆ, "ಬಾರೋ, ಊಟಕ್ಕೆ ಹೊತ್ತಾಯ್ತು." ಹನ್ನೊಂದೂವರೆಗೆ ಯಾರಪ್ಪ ಊಟ ಮಾಡುತ್ತಾರೆ?

ವಾಪಸ್ ಬರುವಾಗ ಚನ್ನರಾಯಪಟ್ಟಣದ ಹತ್ತಿರ ಕಾಫಿಗೆ ಮಾತ್ರ ಮುಕ್ಕಾಲು ಗಂಟೆ. "ಏನಿತ್ತು ಅಲ್ಲಿ, ಬರೀ ಫೋಟೋ" ಅಂತ ಮಾತು ಬೇರೆ. ಮುಂದಿನ ಸಲ ನಾನೊಬ್ಬನೇ ಕೆಂಪು ಬಸ್ಸು ಹತ್ತುತ್ತೇನೆ.