ಬಂತಾ ನೋಡೋಣ!

ಶಂಖಪುಷ್ಪದ ಬೀಜ ಹಾಕಿದ ಕುಂಡದಲ್ಲಿ ಆರನೇ ದಿನ ಬೆಳಗ್ಗೆ ಮಣ್ಣು ಕೆದರಿದ್ದರೆ ಇಲಿಯನ್ನು ಬೈಯಬೇಡಿ, ಪಾಪ. ಇಲಿ ಕೆದರಿದ ಮೇಲೆ ಮಣ್ಣು ಮುಚ್ಚಿ, ಏನೂ ಆಗದವರಂತೆ ಎರಡು ಸಲ ತಟ್ಟಿ ಹೋಗುವುದಿಲ್ಲ. ಅದು ಮನೆಯವರದೇ ತೋರುಬೆರಳು. ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: "ಬಂತಾ ಅಂತ ನೋಡಿದೆ, ಅಷ್ಟೇ."

ಅಷ್ಟೇ ಅಂತೆ! ಆ ಬೀಜವನ್ನು ಮಣ್ಣಿಗೆ ಇಳಿಸುವುದೇನು ಸುಲಭದ ಕೆಲಸವೇ? ಅದರ ಸಿಪ್ಪೆ ನೀರನ್ನೇ ಒಳಗೆ ಬಿಡದಷ್ಟು ಗಟ್ಟಿ. ಬೀಜದ ಕಣ್ಣಿನ (ಕಾಯಿಗೆ ಅಂಟಿಕೊಂಡಿದ್ದ ಗುರುತು) ಪಕ್ಕದಲ್ಲೇ ಎಳೆಬೇರು ಇರುವುದರಿಂದ ಆ ಬದಿ ಬಿಟ್ಟು ಎದುರು ಬದಿಯನ್ನು ಉಪ್ಪುಕಾಗದಕ್ಕೆ ಉಜ್ಜಬೇಕು. ನೇಲ್ ಕಟರೂ ಆದೀತು, ಆದರೆ ಬೀಜ ಚಿಮ್ಮಿ ಮಂಚದಡಿ ಸೇರಿದರೆ ಹುಡುಕುವವರು ನೀವೇ. ಆಮೇಲೆ ಎಂಟು-ಹತ್ತು ಗಂಟೆ ನೀರಲ್ಲಿ ನೆನೆಸಬೇಕು. ಉಬ್ಬಿದ್ದನ್ನು ಬಿತ್ತಿ, ಕಲ್ಲಿನಂತೆ ಕೂತಿದ್ದಕ್ಕೆ ಇನ್ನೊಂದು ಸುತ್ತು ಉಜ್ಜಾಟ. ಕುಂಡಕ್ಕೆ ಎರಡು ಪಾಲು ಮಣ್ಣು, ಒಂದು ಪಾಲು ಕಾಂಪೋಸ್ಟ್, ಒಂದು ಪಾಲು ಮರಳು. ಆಳ ಒಂದು ಸೆಂಟಿಮೀಟರು, ಹೆಚ್ಚೆಂದರೆ ಎರಡು. ತಾಯಿಬೇರಿನ ಗಿಡ, ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತದೆ. ಬೆಳೆಯುವ ಕುಂಡದಲ್ಲೇ ಬಿತ್ತುವುದು ವಾಸಿ.

ಇನ್ನು ಒಂದೆರಡು ವಾರ ಸುಮ್ಮನಿರಬೇಕು. ಕೆದಕುವವರಿಗೆ ಆಗದ ಕೆಲಸ ಅದೊಂದೇ. ನಿದ್ದೆ ಬಂತಾ ಎಂದು ಮಗುವನ್ನು ಎಬ್ಬಿಸಿ ಕೇಳಿದ ಹಾಗೆ ಇವರ ಕಾಳಜಿ. ಬೀಜದಿಂದ ಮೊದಲು ಹೊರಬರುವುದು ಬೇರು, ಅದು ಹೋಗುವುದು ಕೆಳಕ್ಕೆ. ಮೇಲೆ ಏನೂ ಕಾಣದ ಆ ದಿನಗಳಲ್ಲೇ ಒಳಗೆ ಕೆಲಸ ಭರದಿಂದ ಸಾಗಿರುತ್ತದೆ. ಬೆರಳು ಹಾಕಿದರೆ ಬೇರಿನ ತುದಿ ಮುರಿಯುತ್ತದೆ. ಮುರಿಯದಿದ್ದರೂ ಬೀಜ ತಲೆಕೆಳಗಾಗಿ, ದಾರಿ ತಪ್ಪಿದ ಬೇರು ಮತ್ತೆ ಬಾಗಿ ಇಳಿಯಬೇಕು. ಅಷ್ಟಕ್ಕೇ ಮುಗಿಯಲಿಲ್ಲ. ಕೆದಕಿದ ಪಾಪಪ್ರಜ್ಞೆಗೆ ದಿನಕ್ಕೆ ಮೂರು ಸಲ ನೀರು! ಮೊಳಕೆಯ ಬುಡ ಕೊಳೆತು ಮಲಗುತ್ತದೆ. ಆಗ ತೀರ್ಪು: "ಬೀಜವೇ ಸರಿ ಇರಲಿಲ್ಲ."

ಬುದ್ಧಿ ಹೇಳಿ ಫಲವಿಲ್ಲ. ಖಾಲಿ ಕುಂಡಕ್ಕೆ ಮಣ್ಣು ತುಂಬಿ "ಶಂಖಪುಷ್ಪ" ಎಂದು ದೊಡ್ಡದಾಗಿ ಬರೆದಿಡಿ. ಅವರು ಮನಸಾರೆ ಕೆದಕಲಿ. ಬೀಜವಿರುವ ಕುಂಡಕ್ಕೆ "ಪಾಪಾಸುಕಳ್ಳಿ" ಎಂದು ಚೀಟಿ ಅಂಟಿಸಿ. ಅದರೊಳಗೆ ಬೆರಳು ಹಾಕುವ ಧೈರ್ಯ ಯಾರಿಗೂ ಇಲ್ಲ.

ಗಿಡ ಒಂದು ಗೇಣಾದಾಗ ಕುಡಿ ಚಿವುಟಿದರೆ ಕವಲೊಡೆಯುತ್ತದೆ. ಈ ಬಳ್ಳಿಗೆ ಹಿಡಿದು ಹತ್ತುವ ಎಳೆಗಳಿಲ್ಲ, ಕಾಂಡವೇ ಸುತ್ತಬೇಕು. ದಪ್ಪ ಪೈಪು ನಿಲ್ಲಿಸಿದರೆ ಸುತ್ತಲಾರದೆ, ಪಕ್ಕದಲ್ಲಿ ಒಣಗಲು ಹಾಕಿದ ಬಟ್ಟೆಯ ಹಗ್ಗಕ್ಕೆ ಜೋತುಬೀಳುತ್ತದೆ. ತೆಳ್ಳಗಿನ ಸೆಣಬಿನ ದಾರ ಸಾಕು. ಬಿಸಿಲು ಮಾತ್ರ ದಿನಕ್ಕೆ ಆರು ಗಂಟೆ ಬೇಕೇ ಬೇಕು. ಯೂರಿಯಾ ಸುರಿಯಬೇಡಿ: ದ್ವಿದಳ ಜಾತಿ, ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳೇ ಗಾಳಿಯಿಂದ ಸಾರಜನಕ ಹಿಡಿದು ಕೊಡುತ್ತವೆ. ಮೇಲಿಂದ ಇನ್ನಷ್ಟು ಬಡಿಸಿದರೆ ಎಲೆಗಳ ಜಾತ್ರೆ, ಹೂವಿನ ಸುಳಿವಿಲ್ಲ.

ಎರಡು-ಮೂರು ತಿಂಗಳಿಗೆ ಮೊದಲ ಹೂವು. ಬಟಾಣಿ ಹೂವಿನ ದೊಡ್ಡ ದಳ ಮೇಲಿದ್ದರೆ ಇದರದ್ದು ಕೆಳಗೆ. ತಲೆಕೆಳಗಾಗಿಯೇ ಅರಳುವ ಹೂವು. ಇಷ್ಟೆಲ್ಲ ಕಾಯಿಸಿದ ಆ ನೀಲಿ ಇರುವುದು ಒಂದೇ ದಿನ. ಮಾರನೇ ಬೆಳಗ್ಗೆ ನೋಡಿದರೆ ಮುದುಡಿದ ಚಿಂದಿ. ಆ ಒಂದು ದಿನ ಮನೆಯಲ್ಲಿ ಇಲ್ಲದವರು ಏನೂ ಕಾಣಲಿಲ್ಲ.

ಕಾಯಿಗಳನ್ನು ಬಳ್ಳಿಯಲ್ಲೇ ಉಳಿಯಲು ಬಿಟ್ಟರೆ ಹೂವು ಕಡಿಮೆಯಾಗುತ್ತದೆ. ಬೀಜಕ್ಕೆಂದು ನಾಲ್ಕು ಉಳಿಸಿ, ಮಿಕ್ಕಿದ್ದು ಕಿತ್ತುಬಿಡಿ. ಆ ನಾಲ್ಕನ್ನೂ ಕಂದು ಬಣ್ಣಕ್ಕೆ ತಿರುಗಿದ ಕೂಡಲೇ ಬಿಡಿಸಿಕೊಳ್ಳಿ. ತಡಮಾಡಿದರೆ ಒಣಗಿ, ತಿರುಚಿ, ಸಿಡಿದು ಬೀಜ ಎಲ್ಲೆಲ್ಲೋ ಬಿದ್ದೀತು. ಗೋಡೆಯ ಬಿರುಕಿನಲ್ಲಿ ಬಿದ್ದದ್ದಕ್ಕೆ ಉಪ್ಪುಕಾಗದವಿಲ್ಲ, ನೆನೆಸಿದವರಿಲ್ಲ. ಬಿಸಿಲು ಮಳೆಗೆ ಸಿಪ್ಪೆ ತಾನೇ ಸವೆದು, ಒಂದು ದಿನ ಎರಡೆಲೆ ಹೊರಗೆ ಇಣುಕುತ್ತದೆ.

ಆ ಬಿರುಕಿನೊಳಕ್ಕೆ ಬೆರಳು ಹೋಗುವುದಿಲ್ಲ ನೋಡಿ.