ದಾಳಿಂಬೆ ರಸ ಮತ್ತು ಬಿಪಿ ಮಾತ್ರೆ

"ದಿನಕ್ಕೊಂದು ಲೋಟ ದಾಳಿಂಬೆ ರಸ ಕುಡಿದರೆ ಹೃದಯದ ಬ್ಲಾಕ್ ಕರಗುತ್ತದೆ." ಈ ಸಂದೇಶ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೂ, ಬೆಳೆಗಾರರ ಗುಂಪಿಗೂ ತಪ್ಪದೆ ಬರುತ್ತಿದೆ. ಕಳುಹಿಸುವವರು ಒಳ್ಳೆಯವರೇ, ಹಣ್ಣೂ ಒಳ್ಳೆಯದೇ. ಸಂದೇಶ ಮಾತ್ರ ಅಪಾಯಕಾರಿ.

ಬ್ಲಾಕ್ ಕರಗುವ ಮಾತಿಗೆ ಆಧಾರವೇ ಇಲ್ಲವೆಂದಲ್ಲ. ಇಸ್ರೇಲಿನ ಹೈಫಾದ ಸಂಶೋಧಕರು 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕತ್ತಿನ ರಕ್ತನಾಳ ಕಿರಿದಾದವರು ಒಂದು ವರ್ಷ ದಾಳಿಂಬೆ ರಸ ಕುಡಿದ ಮೇಲೆ ಆ ನಾಳದ ಗೋಡೆಯ ದಪ್ಪ ಇಳಿದಿತ್ತು. ಆದರೆ ರಸ ಕುಡಿದವರು ಹತ್ತು ಮಂದಿ, ಕುಡಿಯದವರು ಒಂಬತ್ತು ಮಂದಿ. ನಮ್ಮ ಕಡೆ ತೋಟಕ್ಕೆ ಕೆಲಸದವರನ್ನು ಕರೆದೊಯ್ಯುವ ಒಂದು ಜೀಪಿನಲ್ಲೇ ಅಷ್ಟು ಜನ ಇರುತ್ತಾರೆ! 2009ರಲ್ಲಿ ಅಮೆರಿಕದಲ್ಲಿ 289 ಮಂದಿಯ ಮೇಲೆ 18 ತಿಂಗಳು ಇದನ್ನೇ ಪರೀಕ್ಷಿಸಿದಾಗ ಒಟ್ಟಾರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಹೃದ್ರೋಗ ತಡೆಯುತ್ತದೆಂದು ಜಾಹೀರಾತು ಕೊಟ್ಟ ಅಲ್ಲಿನ ದಾಳಿಂಬೆ ರಸದ ಕಂಪನಿ ಪಾಮ್ ವಂಡರ್‌ಫುಲ್‌ನ ಮಾತು ದಾರಿತಪ್ಪಿಸುವಂಥದ್ದು ಎಂಬ ತೀರ್ಮಾನವನ್ನು 2015ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಎತ್ತಿಹಿಡಿಯಿತು.

ಹಾಗಾದರೆ ಉಳಿಯುವುದೇನು? ರಕ್ತದೊತ್ತಡ. ಎಂಟು ಪ್ರಯೋಗಗಳನ್ನು ಒಟ್ಟುಗೂಡಿಸಿ 2017ರಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ ದಾಳಿಂಬೆ ರಸದಿಂದ ಬಿಪಿಯ ಮೇಲಿನ ಅಂಕಿ ಸರಾಸರಿ ಐದರಷ್ಟು ಇಳಿಯುತ್ತದೆ. ಹಣ್ಣಿನಲ್ಲಿರುವ ಪ್ಯೂನಿಕಲಾಜಿನ್‌ನಂಥ ಪಾಲಿಫಿನಾಲ್‌ಗಳು, ಅಂದರೆ ಗಿಡಗಳಲ್ಲಿ ಸಹಜವಾಗಿರುವ ಒಂದು ಬಗೆಯ ರಾಸಾಯನಿಕಗಳು, ರಕ್ತನಾಳವನ್ನು ಸಡಿಲಗೊಳಿಸಲು ನೆರವಾಗುತ್ತವೆ ಎಂಬುದು ವಿವರಣೆ. ಐದು ಅಂಕಿ ಕಡಿಮೆಯೇನಲ್ಲ. ಆದರೆ ಬಿಪಿ ಇರುವವರು ಉಪ್ಪು ಇಳಿಸಿದರೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಪಂದಿ ಕರಿ, ಒಣಮೀನು, ಉಪ್ಪಿನಕಾಯಿ ಒಂದೇ ಊಟದಲ್ಲಿ ಬೇಕೆನ್ನುವ ನಮಗೆ ಈ ಮಾತು ಹಿಡಿಸುವುದಿಲ್ಲ, ಗೊತ್ತು.

ನನಗೆ ಸಿಟ್ಟು ಬರುವುದು ಬೇರೆ ಕಡೆ. ನಮ್ಮೂರಿನ ಹಿರಿಯರೊಬ್ಬರು ಮೊನ್ನೆ, "ಬಿಪಿ ಮಾತ್ರೆ ನಿಲ್ಲಿಸಿದ್ದೇನೆ ಮಗಳೇ, ಈಗ ದಾಳಿಂಬೆಯೇ ಸಾಕು" ಎಂದು ಹೆಮ್ಮೆಯಿಂದ ಹೇಳಿದರು. "ಮಾವ, ಇವತ್ತೇ ಹೋಗಿ ಬಿಪಿ ನೋಡಿಸಿ" ಎಂದೆ. ನಕ್ಕರು. ಬಿಪಿ ಏರಿದರೆ ನೋವಾಗುವುದಿಲ್ಲ, ಅದೇ ಅದರ ಕಪಟ. ಎದೆನೋವು ಬಂದ ದಿನ ಆಂಜಿಯೋಪ್ಲಾಸ್ಟಿಗೆಂದು ಮಡಿಕೇರಿಯಿಂದ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಓಡಬೇಕಾದರೆ ಸುಮಾರು 120 ಕಿಲೋಮೀಟರ್. ಮಳೆಗಾಲದ ರಾತ್ರಿಯಲ್ಲಿ ಅದು ಎಷ್ಟು ದೂರವೆಂದು ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಗಿಡದಲ್ಲಿ ಮದ್ದಿದೆ ಎಂದು ನಂಬುವುದನ್ನೂ ನಮಗೆ ಯಾರೂ ಕಲಿಸಬೇಕಿಲ್ಲ. ಮಳೆಗಾಲದ ಕೊಡವ ತಿಂಗಳು ಕಕ್ಕಡದ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ ಉಣ್ಣುವವರು ನಾವು. ಆದರೆ ಆ ಪಾಯಸ ಉಂಡು ಯಾರಾದರೂ ಮಾತ್ರೆ ಬಿಟ್ಟದ್ದನ್ನು ನಾನು ಕಂಡಿಲ್ಲ. ಕೊಪ್ಪಳ, ವಿಜಯಪುರದ ಕಡೆಯ ಒಣನೆಲದಲ್ಲಿ ಬೆಳೆದು ಇಲ್ಲಿಗೆ ಬರುವ ಹಣ್ಣಿಗೆ ಮಾತ್ರ ಅಷ್ಟೊಂದು ಅಧಿಕಾರ ಏಕೆ?

ತಿನ್ನುವುದಾದರೆ ಕಾಳು ಬಿಡಿಸಿ ತಿನ್ನಿ. ನೂರು ಗ್ರಾಂ ಕಾಳಿನಲ್ಲಿ ಸುಮಾರು ನಾಲ್ಕು ಗ್ರಾಂ ನಾರು ಇದೆ. ಹಿಂಡಿ ಸೋಸಿದರೆ ನಾರು ಹೆಚ್ಚುಕಡಿಮೆ ಪೂರ್ತಿ ಹೋಗಿ ಸಕ್ಕರೆ ಉಳಿಯುತ್ತದೆ, ಸಕ್ಕರೆ ಕಾಯಿಲೆಯವರು ಗಮನಿಸಿ. ಬಿಪಿ ಮಾತ್ರೆ ಅಥವಾ ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ದಿನವೂ ರಸ ಕುಡಿಯುವ ಮೊದಲು ವೈದ್ಯರನ್ನು ಕೇಳಿಕೊಳ್ಳಿ.