ಕೊನೆಯ ಎರಡು ನಿಮಿಷದ ಕಳೆಯುವ ಲೆಕ್ಕ

ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಸಾರ್ವಜನಿಕ ನೌಕರರ ಪೈಕಿ ಅತಿ ಹೆಚ್ಚು ಸಂಬಳ ಎಣಿಸುವವರು ರಾಜ್ಯಪಾಲರಲ್ಲ, ಮುಖ್ಯ ನ್ಯಾಯಮೂರ್ತಿಗಳಲ್ಲ, ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಹೃದಯ ಕೊಯ್ದು ಹೊಲಿಯುವ ತಜ್ಞರೂ ಅಲ್ಲ. ಆ ಗೌರವ ಸಲ್ಲುವುದು ಅಲ್ಲಿನ ವಿಶ್ವವಿದ್ಯಾಲಯಗಳ ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ಕೋಚ್ ಮಹಾಶಯರಿಗೆ. ಇದರಲ್ಲಿ ಅನ್ಯಾಯವೇನೂ ಇಲ್ಲ. ಫುಟ್‌ಬಾಲ್ ಕೋಚ್ ಎಂದರೆ ಕಾಲವನ್ನೇ ಕಟ್ಟಿಹಾಕಿದ ಪುರುಷ. ಅವರ ಅಭ್ಯಾಸದ ಮೈದಾನದಲ್ಲಿ ನಿಗದಿತ ನಿಮಿಷಗಳಿಗೊಮ್ಮೆ ಹಾರ್ನ್ ಕೂಗುತ್ತದೆ, ಕೂಗಿದೊಡನೆ ನೂರು ಹುಡುಗರು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓಡುತ್ತಾರೆ, ಒಂದು ಕ್ಷಣ ತಡವಾದವನಿಗೆ ಶಿಕ್ಷೆ ಕಾದಿರುತ್ತದೆ. ಪಂದ್ಯದ ದಿನ ಅವರ ಕಿವಿಗೆ ಹೆಡ್‌ಸೆಟ್, ಕೈಗೆ ಬಣ್ಣಬಣ್ಣದ ಅಕ್ಷರಗಳ ಲ್ಯಾಮಿನೇಟ್ ಹಾಳೆ, ಅಕ್ಕಪಕ್ಕದಲ್ಲಿ ಸಹಾಯಕರ ದಂಡು, ಮೇಲಿನ ಗಾಜಿನ ಕೋಣೆಯಲ್ಲಿ ಇನ್ನೊಂದು ದಂಡು. ಇಷ್ಟೆಲ್ಲ ಸಿದ್ಧತೆಯ ಬಳಿಕ ಶನಿವಾರ ರಾತ್ರಿ, ಮೂರು ಅಂಕಗಳ ಅಂತರದಲ್ಲಿ, ಆಟ ಇನ್ನೇನು ಮುಗಿಯಬೇಕು ಎನ್ನುವಾಗ, ಅವರ ಮುಂದೆ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ: ನಲವತ್ತು ದೊಡ್ಡದೋ, ಮೂವತ್ತು ಚಿಲ್ಲರೆ ದೊಡ್ಡದೋ?

ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಅಮೆರಿಕನ್ ಫುಟ್‌ಬಾಲಿನ ಒಂದು ಕಾಲೇಜು ಪಂದ್ಯ 15 ನಿಮಿಷಗಳ ನಾಲ್ಕು ಭಾಗಗಳಲ್ಲಿ ನಡೆಯುತ್ತದೆ. ಒಂದು ಯತ್ನ ಮುಗಿದ ಮೇಲೆ ಮುಂದಿನ ಯತ್ನಕ್ಕೆ ಚೆಂಡೆತ್ತಲು ಸಾಮಾನ್ಯವಾಗಿ 40 ಸೆಕೆಂಡುಗಳ ಅವಕಾಶವಿರುತ್ತದೆ, ಅಷ್ಟು ಹೊತ್ತೂ ಪಂದ್ಯದ ಗಡಿಯಾರ ಬಹುತೇಕ ಓಡುತ್ತಲೇ ಇರುತ್ತದೆ. ಅದನ್ನು ನಿಲ್ಲಿಸಲು ಪ್ರತಿ ತಂಡಕ್ಕೂ ಪ್ರತಿ ಅರ್ಧದಲ್ಲಿ ಮೂರು ಟೈಮ್‌ಔಟ್. ಮುನ್ನಡೆಯಲ್ಲಿರುವ ತಂಡದ ಬಳಿಯೇ ಚೆಂಡಿದ್ದು, ಎದುರಾಳಿಯ ಟೈಮ್‌ಔಟುಗಳು ಖರ್ಚಾಗಿ ಹೋಗಿದ್ದು, ಗಡಿಯಾರದಲ್ಲಿ 40 ಸೆಕೆಂಡಿಗಿಂತ ಕಡಿಮೆ ಉಳಿದಿದ್ದರೆ, ದಾಳಿಯನ್ನು ನಡೆಸುವ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್, ಚೆಂಡನ್ನು ಹಿಡಿದು ಒಂದು ಸಲ ಮೊಣಕಾಲೂರಿದರೆ ಆ ಯತ್ನ ಅಲ್ಲಿಗೇ ನಿಲ್ಲುತ್ತದೆ, ಗಡಿಯಾರ ನಿಲ್ಲುವುದಿಲ್ಲ, ಆಟ ಮುಗಿಯಿತು. ಆಮೇಲೆ ಗಡಿಯಾರ ಶೂನ್ಯಕ್ಕೆ ಇಳಿಯುವುದನ್ನು ನೋಡುತ್ತ ಕೈಕುಲುಕುವುದಷ್ಟೇ ಬಾಕಿ.

2023ರ ಅಕ್ಟೋಬರ್ 7ರ ರಾತ್ರಿ ಮಯಾಮಿ ವಿಶ್ವವಿದ್ಯಾಲಯದ ತಂಡ ಜಾರ್ಜಿಯಾ ಟೆಕ್ ವಿರುದ್ಧ 20-17ರಿಂದ ಮುಂದಿತ್ತು. ಚೆಂಡು ಮಯಾಮಿಯದು. ಎದುರಾಳಿಯ ಬಳಿ ಒಂದೂ ಟೈಮ್‌ಔಟ್ ಇರಲಿಲ್ಲ. ಹತ್ತು ವರ್ಷಕ್ಕೆ ಸುಮಾರು 8 ಕೋಟಿ ಡಾಲರ್ ಎಂದು ವರದಿಯಾಗಿದ್ದ ಒಪ್ಪಂದದ ಮೇಲೆ ಮಯಾಮಿಗೆ ಬಂದಿದ್ದ ಮಾರಿಯೊ ಕ್ರಿಸ್ಟೊಬಾಲ್ ಅವರ ತಂಡ, ಮೊಣಕಾಲೂರುವಂಥ ಹೇಡಿತನಕ್ಕೆ ಮನಸ್ಸು ಮಾಡದೆ, ಚೆಂಡನ್ನು ಓಟಗಾರನ ಕೈಗೆ ಕೊಟ್ಟು ವೈರಿಗಳ ಗುಂಪಿನೊಳಕ್ಕೆ ನುಗ್ಗಿಸಿತು. ಚೆಂಡು ಕೈಜಾರಿತು. ಜಾರ್ಜಿಯಾ ಟೆಕ್ ಅದನ್ನು ಹೆಕ್ಕಿಕೊಂಡು, ಉಳಿದಿದ್ದ ಅರ್ಧ ನಿಮಿಷಕ್ಕೂ ಕಡಿಮೆ ಸಮಯದಲ್ಲಿ 74 ಗಜ ದಾಟಿ, ಗಡಿಯಾರದಲ್ಲಿ ಒಂದೇ ಒಂದು ಸೆಕೆಂಡು ಮಿನುಗುತ್ತಿರುವಾಗ ಚೆಂಡನ್ನು ಗೋಲಿನ ಗೆರೆ ದಾಟಿಸಿ ಆರು ಅಂಕದ ಟಚ್‌ಡೌನ್ ಗಳಿಸಿ 23-20ರಿಂದ ಗೆದ್ದಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತೇವಲ್ಲ, ಇಲ್ಲಿ ತುತ್ತು ಬಾಯಿಯೊಳಗೇ ಇತ್ತು. ನುಂಗುವುದು ತಮ್ಮ ಪೌರುಷಕ್ಕೆ ತಕ್ಕುದಲ್ಲವೆಂದು ಇವರೇ ಹೊರತೆಗೆದರು. ಮೊಣಕಾಲೂರಬೇಕಿತ್ತು ಎಂದು ಕೋಚ್ ಪಂದ್ಯದ ಬಳಿಕ ಒಪ್ಪಿಕೊಂಡರು. ಒಪ್ಪಿಕೊಳ್ಳಲು ಅವರಿಗೆ ಪೂರ್ವಾನುಭವವೂ ಇತ್ತು. 2018ರ ಸೆಪ್ಟೆಂಬರಿನಲ್ಲಿ ಇದೇ ಮಹಾಶಯರು ಆರೆಗನ್ ತಂಡದ ಕೋಚ್ ಆಗಿದ್ದಾಗ ಸ್ಟ್ಯಾನ್‌ಫರ್ಡ್ ವಿರುದ್ಧ 31-28ರ ಮುನ್ನಡೆ, ಕೊನೆಯ ನಿಮಿಷ, ಓಟಗಾರನ ಕೈಗೆ ಚೆಂಡು, ಅಲ್ಲಿಯೂ ಜಾರಿದ ಚೆಂಡು. ಸ್ಟ್ಯಾನ್‌ಫರ್ಡ್ ಸಮ ಮಾಡಿಕೊಂಡು ಹೆಚ್ಚುವರಿ ಅವಧಿಯಲ್ಲಿ 38-31ರಿಂದ ಗೆದ್ದಿತ್ತು. ಅಂದು ಮೊಣಕಾಲೂರಿದ್ದರೆ ಸಮಯ ಪೂರ್ತಿ ಕರಗುತ್ತಿರಲಿಲ್ಲ, ಬಹುಪಾಲು ಕರಗುತ್ತಿತ್ತು ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಐದು ವರ್ಷಗಳ ಬಳಿಕ ಪೂರ್ತಿ ಕರಗುವ ಸಂದರ್ಭವೇ ಒದಗಿ ಬಂದಾಗಲೂ ಅವರು ತಮ್ಮ ಸಿದ್ಧಾಂತವನ್ನು ಬಿಟ್ಟುಕೊಡಲಿಲ್ಲ.

ಟೈಮ್‌ಔಟುಗಳ ವಿಷಯದಲ್ಲಿ ಕೋಚ್‌ಗಳಲ್ಲಿ ಎರಡು ಪಂಥಗಳಿವೆ. ಒಂದನೆಯದು ದಾನಶೂರರ ಪಂಥ. ಮೂರನೆಯ ಕ್ವಾರ್ಟರಿನ ನಡುವೆ, ಯಾರಿಗೂ ನೆನಪುಳಿಯದ ಒಂದು ಯತ್ನಕ್ಕೆ ಮುಂಚೆ, ಆಟಗಾರರು ಸಾಲುಗೂಡುವುದು ಕೊಂಚ ತಡವಾಗಿ 40 ಸೆಕೆಂಡಿನ ಗಡಿಯಾರ ಮುಗಿಯುತ್ತ ಬಂದಿರುತ್ತದೆ. ಸುಮ್ಮನೆ ಬಿಟ್ಟರೆ ದಂಡ ಐದು ಗಜ. ಆ ಐದು ಗಜ ಉಳಿಸಲು ಕೋಚ್ ಅಂಕಣದ ಅಂಚಿನುದ್ದಕ್ಕೂ ಓಡಿ, ಎರಡೂ ಅಂಗೈಗಳನ್ನು ಟಿ ಆಕಾರಕ್ಕೆ ಜೋಡಿಸಿ, ಅಂಪೈರ್ ಕಿವಿಯ ಬಳಿ ಕಿರುಚಿ ಟೈಮ್‌ಔಟ್ ಗಿಟ್ಟಿಸುತ್ತಾರೆ. ಇನ್ನೊಂದು ಸಲ ಇದೇ ಆಗುತ್ತದೆ. ಮೂರನೆಯದು, ರಕ್ಷಣಾ ಸಾಲಿನಲ್ಲಿ ಯಾರು ನಿಲ್ಲಬೇಕು ಎಂಬ ಚರ್ಚೆಗೆ ಖರ್ಚಾಗುತ್ತದೆ. ಕೊನೆಯ ಎರಡು ನಿಮಿಷದಲ್ಲಿ ಒಂದೊಂದು ಟೈಮ್‌ಔಟ್ ಸುಮಾರು 40 ಸೆಕೆಂಡು ಉಳಿಸಿಕೊಡುವ ಹೊತ್ತಿಗೆ, ಅವರು ಖಾಲಿ ಕೈಯಲ್ಲಿ ನಿಂತು, ಎದುರಾಳಿ ಮೊಣಕಾಲೂರುವುದನ್ನು ನೋಡುತ್ತಾರೆ. ಅದೃಷ್ಟವಿದ್ದರೆ ಎದುರಾಳಿಯ ಕೋಚ್ ಕ್ರಿಸ್ಟೊಬಾಲ್ ಆಗಿರುತ್ತಾರೆ.

ಎರಡನೆಯದು ಕೃಪಣರ ಪಂಥ. ಇವರ ತಂಡ ನಾಲ್ಕು ಅಂಕ ಹಿಂದಿರುತ್ತದೆ, ಎದುರಾಳಿ ನಿಧಾನವಾಗಿ ಚೆಂಡು ಒಯ್ಯುತ್ತಿರುತ್ತದೆ, ಗಡಿಯಾರ ಮೂರು ನಿಮಿಷದಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಜಾರುತ್ತದೆ. ಕೋಚ್ ಮಾತ್ರ ಎದೆಯ ಮೇಲೆ ಕೈಕಟ್ಟಿ, ಮೂರೂ ಟೈಮ್‌ಔಟುಗಳನ್ನು ಜೇಬಿನಲ್ಲಿ ಭದ್ರವಾಗಿಟ್ಟುಕೊಂಡು, ಶೂನ್ಯವನ್ನು ದಿಟ್ಟಿಸುತ್ತಾರೆ. ಬಳಸದೆ ಉಳಿದ ಟೈಮ್‌ಔಟನ್ನು ಗಳಿಕೆ ರಜೆಯಂತೆ ವರ್ಷಾಂತ್ಯಕ್ಕೆ ನಗದೀಕರಿಸಿಕೊಳ್ಳಲು ಬರುವುದಿಲ್ಲ ಎಂದು ಅವರಿಗೆ ಯಾರೂ ಹೇಳಿದಂತಿಲ್ಲ.

ಈ ಎರಡು ಪಂಥಗಳನ್ನೂ ಮೀರಿದ ಸಿದ್ಧಪುರುಷರು ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ಲೆಸ್ ಮೈಲ್ಸ್. 2007ರ ಋತುವಿನಲ್ಲಿ ರಾಷ್ಟ್ರೀಯ ಚಾಂಪಿಯನ್ ಪಟ್ಟ ಗೆದ್ದವರು, ಆದ್ದರಿಂದ ದಡ್ಡರೆನ್ನಲು ಬಾಯಿ ಬರುವುದಿಲ್ಲ. 2009ರ ನವೆಂಬರ್ 21ರಂದು ಓಲ್ ಮಿಸ್ (ಮಿಸಿಸಿಪಿ ವಿಶ್ವವಿದ್ಯಾಲಯ) ವಿರುದ್ಧ ಅವರ ತಂಡ 23-25ರಿಂದ ಹಿಂದಿತ್ತು. ಚೆಂಡನ್ನು ಗೋಲಿನ ಕಂಬಗಳ ನಡುವೆ ಒದ್ದು ಮೂರು ಅಂಕ ತರುವ ಒಂದು ಫೀಲ್ಡ್ ಗೋಲ್ ಬಿದ್ದರೆ ಗೆಲುವು. ಕೈಯಲ್ಲೊಂದು ಟೈಮ್‌ಔಟ್ ಇತ್ತು. ಗಡಿಯಾರದಲ್ಲಿ 26 ಸೆಕೆಂಡು ಇದ್ದಾಗ ಕರೆಯಬಹುದಾಗಿದ್ದ ಅದನ್ನು 9 ಸೆಕೆಂಡು ಉಳಿಯುವವರೆಗೂ ಯಾರೂ ಕರೆಯಲಿಲ್ಲ. ಆ ಹದಿನೇಳು ಸೆಕೆಂಡುಗಳಲ್ಲಿ ಅಂಕಣದ ಅಂಚಿನಲ್ಲಿ ಯಾವ ಗಹನವಾದ ಚಿಂತನೆ ನಡೆಯಿತೆಂಬುದು ಇಂದಿಗೂ ಸಂಶೋಧನೆಯ ವಿಷಯ. ಆಮೇಲೆ ಹುಡುಗರು ಪವಾಡವನ್ನೇ ಮಾಡಿ 43 ಗಜದ ಎಸೆತವನ್ನು ಹಿಡಿದು ಗೋಲಿನ ಹೊಸ್ತಿಲಿಗೆ ತಲುಪಿದರು. ಉಳಿದಿದ್ದು ಒಂದು ಸೆಕೆಂಡು. ಟೈಮ್‌ಔಟ್ ಇಲ್ಲ, ಒದೆಯುವವರ ತಂಡ ಸಜ್ಜಾಗಿಲ್ಲ. ಗಡಿಯಾರ ನಿಲ್ಲಿಸಲೆಂದು ಕ್ವಾರ್ಟರ್‌ಬ್ಯಾಕ್ ಚೆಂಡನ್ನು ನೆಲಕ್ಕೆ ಕುಕ್ಕುವಷ್ಟರಲ್ಲಿ ಆ ಸೆಕೆಂಡೂ ಮುಗಿದುಹೋಗಿತ್ತು.

ಮರುವರ್ಷ ಅಕ್ಟೋಬರಿನಲ್ಲಿ ಟೆನ್ನೆಸಿ ವಿರುದ್ಧ ಅವರ ತಂಡ 10-14ರಿಂದ ಹಿಂದೆ ಬಿದ್ದು, ಗೋಲಿನ ಗೆರೆಗೆ ಒಂದೆರಡು ಗಜ ದೂರದಲ್ಲಿ, ಗಡಿಯಾರ ಓಡುತ್ತಿರುವಾಗಲೇ ಆಟಗಾರರನ್ನು ಬದಲಿಸಲು ಹೊರಟಿತು. ಅದನ್ನು ಕಂಡ ಟೆನ್ನೆಸಿಯೂ ಬದಲಿಸಲು ಹೊರಟಿತು. ಒಳಗೆ ಓಡುವವರು, ಹೊರಗೆ ಓಡುವವರು, ಅರ್ಧದಾರಿಯಲ್ಲಿ ನಿಂತು ಬೆಂಚಿನತ್ತ ನೋಡುವವರು, ಈ ಸಂತೆಯ ನಡುವೆ ಚೆಂಡು ಕ್ವಾರ್ಟರ್‌ಬ್ಯಾಕಿನ ಪಕ್ಕದಿಂದ ಹಾದು ಹಿಂದಕ್ಕೆ ಉರುಳಿತು, ಗಡಿಯಾರ ಮುಗಿಯಿತು, ಟೆನ್ನೆಸಿಯ ಹುಡುಗರು ಗೆದ್ದೆವೆಂದು ಕುಣಿದರು. ಆಗ ಅಂಪೈರ್‌ಗಳು ಎಣಿಸಿ ನೋಡಿದರೆ ಟೆನ್ನೆಸಿಯ ಪರವಾಗಿ ಮೈದಾನದಲ್ಲಿ 11ರ ಬದಲು 13 ಜನ ಇದ್ದರು. ಒಬ್ಬ ಕೋಚ್‌ಗೆ ಸೆಕೆಂಡುಗಳ ಎಣಿಕೆ ತಪ್ಪಿತ್ತು, ಇನ್ನೊಬ್ಬರಿಗೆ ತಲೆಗಳ ಎಣಿಕೆ. ದಂಡದ ಫಲವಾಗಿ ಸಿಕ್ಕ ಹೆಚ್ಚುವರಿ ಯತ್ನದಲ್ಲಿ ಮೈಲ್ಸ್ 16-14ರಿಂದ ಗೆದ್ದರು. ಆದರೆ ಗಡಿಯಾರ ತನ್ನ ಸಾಲವನ್ನು ಮರೆಯಲಿಲ್ಲ. 2016ರ ಸೆಪ್ಟೆಂಬರ್ 24ರಂದು ಆಬರ್ನ್ ವಿರುದ್ಧ ಗೆಲುವಿನ ಟಚ್‌ಡೌನ್ ಬಂತೆಂದು ಅವರ ಪಾಳೆಯವೆಲ್ಲ ಕುಣಿಯುತ್ತಿರುವಾಗ, ಚೆಂಡೆತ್ತುವ ಮೊದಲೇ ಸಮಯ ಮುಗಿದಿತ್ತೆಂದು ವಿಡಿಯೊ ಪರಿಶೀಲನೆ ತೀರ್ಪು ಕೊಟ್ಟಿತು. 18-13ರ ಸೋಲು. ಮರುದಿನ ಕೆಲಸ ಹೋಯಿತು.

ಹಾಗೆಂದು ಸಮಯ ಉಳಿಸಿದವರೆಲ್ಲ ಉದ್ಧಾರವಾದರೆಂದೂ ಇಲ್ಲ. 2013ರ ನವೆಂಬರ್ 30ರಂದು ಆಬರ್ನ್ ವಿರುದ್ಧ 28-28ರ ಸಮಬಲದಲ್ಲಿ ಅವಧಿ ಮುಗಿದಾಗ, ಅಲಬಾಮಾದ ನಿಕ್ ಸೇಬನ್ ಇನ್ನೂ ಒಂದು ಸೆಕೆಂಡು ಬಾಕಿ ಇದೆಯೆಂದು ವಾದಿಸಿ, ಪರಿಶೀಲನೆ ಮಾಡಿಸಿ, ಆ ಸೆಕೆಂಡನ್ನು ದಕ್ಕಿಸಿಕೊಂಡರು. ಅದರಲ್ಲಿ 57 ಗಜದ ಫೀಲ್ಡ್ ಗೋಲಿಗೆ ಒದೆಸಿದರು. ಚೆಂಡು ಗೋಲಿಗೆ ಎಟುಕಲಿಲ್ಲ. ಆಬರ್ನ್ ಆಟಗಾರನೊಬ್ಬ ಅದನ್ನು ಹಿಡಿದು ಮೈದಾನದ ಈ ತುದಿಯಿಂದ ಆ ತುದಿಗೆ ಓಡಿ 34-28ರಿಂದ ಆಟ ಮುಗಿಸಿದ. ಅತ್ತು ಕರೆದು ಪಡೆದ ಸೆಕೆಂಡು ಎದುರಾಳಿಗೆ ಉಡುಗೊರೆಯಾಯಿತು. ಸೇಬನ್ ಅವರನ್ನು ಈ ಪಟ್ಟಿಗೆ ಸೇರಿಸುವುದು ಪೂರ್ತಿ ನ್ಯಾಯವಲ್ಲ, ಸೇರಿಸದಿರಲು ಮನಸ್ಸೂ ಒಪ್ಪುವುದಿಲ್ಲ.

ಇನ್ನು ಫೀಲ್ಡ್ ಗೋಲ್ ಒದೆಯುವವನ ಮನಸ್ಸು ಕದಡಲು ಕೊನೆ ಗಳಿಗೆಯಲ್ಲಿ ಟೈಮ್‌ಔಟ್ ಕರೆಯುವ ತಂತ್ರ. ಕೋಚ್ ಪಕ್ಕದ ಅಂಪೈರ್ ಹೆಗಲಿಗೆ ಅಂಟಿಕೊಂಡು ನಿಂತು, ಚೆಂಡು ಹಿಂದಕ್ಕೆ ಹೊರಡುವ ಕ್ಷಣಕ್ಕೆ ಪಿಸುಗುಟ್ಟುತ್ತಾರೆ. ಸೀಟಿ ಕೇಳಿಸುವ ಮೊದಲೇ ಹುಡುಗ ಒದ್ದಾಗಿರುತ್ತದೆ, ಗಾಳಿಯ ದಿಕ್ಕೂ ತಿಳಿದಿರುತ್ತದೆ, ತಪ್ಪಿದ್ದರೆ ತಿದ್ದಿಕೊಳ್ಳಲು ಇನ್ನೊಂದು ಅವಕಾಶವೂ ಎದುರಾಳಿಯ ಖರ್ಚಿನಲ್ಲೇ ಸಿಕ್ಕಿರುತ್ತದೆ. ಇದನ್ನೇ ಸಾಲಾಗಿ ಎರಡು ಮೂರು ಸಲ ಮಾಡುವವರೂ ಇದ್ದರು. ಒಂದೇ ತಂಡ ಒಂದರ ಹಿಂದೊಂದು ಟೈಮ್‌ಔಟ್ ಕರೆಯುವುದನ್ನು 2023ರಲ್ಲಿ ನಿಯಮವೇ ತಡೆಯಬೇಕಾಯಿತು.

ನಿಯಮ ಸಮಿತಿಗೆ ಕೋಚ್‌ಗಳ ಬಗ್ಗೆ ಕರುಣೆ ಇಲ್ಲದಿಲ್ಲ. 2024ರಿಂದ ಪ್ರತಿ ಅರ್ಧದ ಕೊನೆಯ ಎರಡು ನಿಮಿಷ ಉಳಿದಾಗ ಗಡಿಯಾರ ತಾನಾಗಿಯೇ ನಿಲ್ಲುತ್ತದೆ. ಕೈಬೆರಳಿನಲ್ಲಿ ಎಣಿಸಲು, ಸಹಾಯಕರನ್ನು ಕೇಳಲು ಪುರುಸೊತ್ತು, ಟಿವಿಯವರಿಗೆ ಜಾಹೀರಾತು. ಅದೇ ವರ್ಷದ ಅಕ್ಟೋಬರ್ 12ರಂದು ಒಂದು ಅಚ್ಚರಿ ನಡೆಯಿತು. ಓಹಿಯೊ ಸ್ಟೇಟ್ ವಿರುದ್ಧ 32-31ರಿಂದ ಮುಂದಿದ್ದ ಆರೆಗನ್ ತಂಡ, 10 ಸೆಕೆಂಡು ಬಾಕಿ ಇರುವಾಗ ಟೈಮ್‌ಔಟಿನಿಂದ ಮರಳಿ 12 ಜನರನ್ನು ಮೈದಾನಕ್ಕಿಳಿಸಿತು. ಹೆಚ್ಚುವರಿ ಆಟಗಾರನಿಗೆ ದಂಡ ಐದೇ ಗಜ. ಆದರೆ ಆ ಯತ್ನದಲ್ಲಿ ಕಳೆದ ನಾಲ್ಕು ಸೆಕೆಂಡು ಗಡಿಯಾರಕ್ಕೆ ಮರಳಲಿಲ್ಲ. ಓಹಿಯೊ ಸ್ಟೇಟ್ ಮುಂದಿನ ಯತ್ನದಲ್ಲಿ ಸಮಯ ಮುಗಿದು ಸೋತಿತು. ಬೇಕೆಂದೇ ಮಾಡಿದ್ದೆಂಬ ಸುಳಿವನ್ನು ಕೋಚ್ ಡ್ಯಾನ್ ಲ್ಯಾನಿಂಗ್ ನಸುನಗುತ್ತಲೇ ಬಿಟ್ಟುಕೊಟ್ಟರು. ಕೊನೆಗೂ ಕೂಡುವ ಕಳೆಯುವ ಲೆಕ್ಕ ಬಲ್ಲವರೊಬ್ಬರು ಸಿಕ್ಕಿದ್ದರು. ಒಂದು ವಾರ ತುಂಬುವುದರೊಳಗೆ ಸಮಿತಿ ನಿಯಮಕ್ಕೆ ಹೊಸ ವಿವರಣೆ ಹೊರಡಿಸಿ ಆ ದಾರಿ ಮುಚ್ಚಿತು. ಲೆಕ್ಕ ತಿಳಿಯದೆ ಸೆಕೆಂಡುಗಳನ್ನು ಪೋಲು ಮಾಡುವುದಕ್ಕೆ ಮಾತ್ರ ನಿಯಮ ಪುಸ್ತಕದಲ್ಲಿ ಈವರೆಗೂ ಯಾವ ಅಡ್ಡಿಯೂ ಇಲ್ಲ.